ಒಪ್ಪು ಹಾಕುವ ಮುನ್ನ

ಮಹಿಳೆಯರಿಗೆ ಅಧಿಕಾರ ಸಿಗಬೇಕು ಎಂಬ ವಿಷಯದಲ್ಲಿ ಇಂದು ಯಾರಿಗೂ ಭಿನ್ನಾಭಿಪ್ರಾಯವಿಲ್ಲ. ವೇದಿಕೆಯ ಮೇಲಂತೂ ಖಂಡಿತ ಇಲ್ಲ. ಪಂಚಾಯತು ಚುನಾವಣೆ ಹತ್ತಿರ ಬಂದಾಗ ಎಲ್ಲ ಪಕ್ಷಗಳವರೂ ಮನೆಮನೆಗೆ ಹೋಗಿ, ಅಭ್ಯರ್ಥಿಯಾಗಲು ಒಪ್ಪುವ ಅಕ್ಕಂದಿರನ್ನು ಹುಡುಕುತ್ತಾರೆ. ಗೋಡೆಗಳಲ್ಲಿ ಅವರ ಕೈಮುಗಿದ ಚಿತ್ರಗಳು ಮೂಡುತ್ತವೆ. ಗೆದ್ದ ದಿನ ಮಾಲೆ, ಮೆರವಣಿಗೆ, ಪಟಾಕಿ ಎಲ್ಲವೂ ಸಾಂಗವಾಗಿ ನಡೆಯುತ್ತದೆ. ಮಾಲೆ ಬಾಡಿದ ಮೇಲೆ ಕೇಳಬೇಕಾದ ಒಂದು ಪ್ರಶ್ನೆ ಮಾತ್ರ ಹಾಗೆಯೇ ಉಳಿದುಬಿಡುತ್ತದೆ. ಕುರ್ಚಿಯೇನೋ ಸಿಕ್ಕಿತು, ಕಪಾಟಿನ ಕೀಲಿಕೈ ಯಾರ ಕೈಯಲ್ಲಿದೆ?

ಈ ಕುರ್ಚಿ ಸುಮ್ಮನೆ ಬಂದುದಲ್ಲ. ನೆರೆಯ ಕರ್ನಾಟಕದಲ್ಲಿ 1983ರ ಕಾಯಿದೆಯು ಜಿಲ್ಲಾ ಪರಿಷತ್ತು ಮತ್ತು ಮಂಡಲ ಪಂಚಾಯತುಗಳಲ್ಲಿ ಮಹಿಳೆಯರಿಗೆ ನೂರಕ್ಕೆ 25 ಸ್ಥಾನಗಳನ್ನು ಮೀಸಲಿಟ್ಟಿತು. 1987ರಲ್ಲಿ ಅದರಂತೆ ಚುನಾವಣೆಯೂ ನಡೆಯಿತು. ಇಡೀ ದೇಶಕ್ಕೆ ಅನ್ವಯಿಸುವಂತೆ ಮೂರನೇ ಒಂದು ಭಾಗವನ್ನು ಮೀಸಲಿಟ್ಟದ್ದು ಸಂವಿಧಾನದ 73ನೇ ತಿದ್ದುಪಡಿ. ಅದು ಜಾರಿಗೆ ಬಂದದ್ದು 1993ರ ಏಪ್ರಿಲ್ 24ರಂದು. ಕೇರಳದಲ್ಲಿ 1994ರ ಪಂಚಾಯತು ರಾಜ್ ಕಾಯಿದೆಯಂತೆ 1995ರಲ್ಲಿ ಮೊದಲ ಚುನಾವಣೆ ನಡೆಯಿತು. 2009ರ ತಿದ್ದುಪಡಿ ಈ ಪಾಲನ್ನು ಅರ್ಧಕ್ಕೆ ಏರಿಸಿತು; ಅಧ್ಯಕ್ಷ ಸ್ಥಾನಗಳಿಗೂ ಅದು ಅನ್ವಯವಾಯಿತು. 2010ರಿಂದ ಈಚೆಗೆ ನಮ್ಮ ಪಂಚಾಯತು ಸಭೆಗಳಲ್ಲಿ ಅರ್ಧದಷ್ಟಾದರೂ ಮಹಿಳೆಯರೇ ಇದ್ದಾರೆ. ಇನ್ನೊಂದು ಕಡೆಯಲ್ಲಿ 1998ರ ಮೇ 17ರಂದು ಆರಂಭವಾದ ಕುಟುಂಬಶ್ರೀ ಇದೆ. ಹತ್ತರಿಂದ ಇಪ್ಪತ್ತು ಮನೆಗಳ ಹೆಂಗಸರ ನೆರೆಕೂಟ, ವಾರ್ಡಿನ ಮಟ್ಟದಲ್ಲಿ ಎ.ಡಿ.ಎಸ್., ಪಂಚಾಯತಿನ ಮಟ್ಟದಲ್ಲಿ ಸಿ.ಡಿ.ಎಸ್. ಹೀಗೆ ಮೂರು ಮೆಟ್ಟಿಲುಗಳ ಈ ವ್ಯವಸ್ಥೆ ನೆಕ್ರಾಜೆಯಂತಹ ಹಳ್ಳಿಗಳಲ್ಲಿಯೂ ಮನೆಯಂಗಳದ ವರೆಗೆ ಬಂದು ಮುಟ್ಟಿದೆ.

ಹಾಗಾದರೆ ಕೊರತೆ ಎಲ್ಲಿದೆ? ನಮ್ಮ ಜಿಲ್ಲೆಯಲ್ಲಿ ದಿನಕ್ಕೆ ಹತ್ತಾರು ಬಾರಿ ಕಿವಿಗೆ ಬೀಳುವ ಒಂದು ಮಾತಿನಲ್ಲಿ ಅದು ಅಡಗಿದೆ: “ಚೇಚೀ, ಇವಿಡೆ ಒರು ಒಪ್ಪ್.” ಅಕ್ಕಾ, ಇಲ್ಲೊಂದು ಸಹಿ ಎಂದರ್ಥ. ಮಲಯಾಳದಲ್ಲಿ ಒಪ್ಪು ಎಂದರೆ ಸಹಿ. ಕನ್ನಡದಲ್ಲಿ ಒಪ್ಪು ಎಂದರೆ ಸಮ್ಮತಿಸು. ನಮ್ಮ ಹಳೆಯ ಶಾಸನಗಳಲ್ಲಿಯೂ ಸಹಿಗೆ ಒಪ್ಪ ಎಂದೇ ಹೆಸರು. ಎರಡು ಭಾಷೆಗಳೂ ಸೇರಿ ನಮಗೆ ಒಂದು ಪಾಠವನ್ನು ಹೇಳುತ್ತಿವೆ: ಸಹಿ ಹಾಕುವುದೆಂದರೆ ಸಮ್ಮತಿ ಕೊಡುವುದು. ಆದರೆ ಓದಲು ಬಾರದ ಲಿಪಿಯಲ್ಲಿರುವ ಕಾಗದದ ಕೆಳಗೆ, ಪೆನ್ನು ತೋರಿಸಿದ ಜಾಗದಲ್ಲಿ, ಹಿಂದೆ ನಿಂತ ನಾಲ್ಕು ಮಂದಿಗೆ ತಡವಾಗುತ್ತದೆಂಬ ಸಂಕೋಚದಲ್ಲಿ ಹಾಕಿದ ಒಪ್ಪಿನಲ್ಲಿ ಒಪ್ಪಿಗೆ ಎಲ್ಲಿದೆ? ಸಾಲದ ಕಾಗದಕ್ಕೆ ಹಾಕಿದ ಸಹಿ ನಾಳೆ ಬಡ್ಡಿಯ ಲೆಕ್ಕವಾಗಿ ಬರುತ್ತದೆ. ಪಂಚಾಯತಿನ ತೀರ್ಮಾನಕ್ಕೆ ಹಾಕಿದ ಸಹಿ ನಾಳೆ ಲೆಕ್ಕಪರಿಶೋಧನೆಯ ಪ್ರಶ್ನೆಯಾಗಿ ಬರುತ್ತದೆ. ಆಗ ಉತ್ತರ ಹೇಳಬೇಕಾದವಳು ಸಹಿ ಹಾಕಿದವಳೇ ಹೊರತು ಹಾಕಿಸಿದವನಲ್ಲ.

ಎಲ್ಲ ಸದಸ್ಯೆಯರೂ ಹೀಗೆಯೇ ಎಂದು ಹೇಳಿದರೆ ಅದು ಅನ್ಯಾಯವಾದೀತು. ಕಾನೂನನ್ನು ಅರೆದು ಕುಡಿದವರೂ, ಅಧಿಕಾರಿಗಳನ್ನು ನಿಲ್ಲಿಸಿ ಪ್ರಶ್ನಿಸುವವರೂ ಇದ್ದಾರೆ. ಆದರೆ ಸದಸ್ಯೆಗೆ ಬಂದ ಫೋನನ್ನು ಗಂಡ ಎತ್ತುವುದು, ಸಭೆಯ ನೋಟೀಸನ್ನು ಪಕ್ಷದ ಮುಖಂಡ ಮೊದಲು ಓದುವುದು, ನೆರೆಕೂಟದ ಪಾಸ್‌ಪುಸ್ತಕ ಯಾವುದೋ ಒಂದು ಮನೆಯ ಯಜಮಾನನ ಪೆಟ್ಟಿಗೆಯಲ್ಲಿರುವುದು ಇವೆಲ್ಲ ನಾವು ಕಾಣದ ಸಂಗತಿಗಳೇನಲ್ಲ. ಶಾಲೆಗಳಲ್ಲಿಯೂ ಅಷ್ಟೆ. ರಕ್ಷಕ ಶಿಕ್ಷಕ ಸಂಘದ ಸಭೆಗೆ ಬಂದು ಕುಳಿತವರನ್ನು ಎಣಿಸಿದರೆ ಮುಕ್ಕಾಲು ಪಾಲು ತಾಯಂದಿರು. ಅಧ್ಯಕ್ಷರ ಆಯ್ಕೆಯ ಹೊತ್ತಿಗೆ ಮಾತ್ರ ಹಿಂದಿನ ಬಾಗಿಲಲ್ಲಿ ನಿಂತಿದ್ದ ಗಂಡಸರ ಹೆಸರೇ ಮುಂದೆ ಬರುತ್ತದೆ.

ತುಳುನಾಡಿನವರಿಗೆ ಈ ಸಂಗತಿ ಹೊಸದಾಗಿ ಕಾಣಬಾರದು. ಅಳಿಯಸಂತಾನ ಪದ್ಧತಿ ನಡೆಯುತ್ತಿದ್ದ ಕುಟುಂಬಗಳಲ್ಲಿ ಆಸ್ತಿ ಇಳಿದು ಬರುತ್ತಿದ್ದುದು ಹೆಣ್ಣಿನ ವಂಶದಲ್ಲಿ. ಹೆಣ್ಣು ಸಂತಾನವಿಲ್ಲದಿದ್ದರೆ ಮನೆತನವೇ ಅಳಿಯಿತೆಂಬ ಭಾವನೆ ಇತ್ತು. ಇಷ್ಟೆಲ್ಲ ಗೌರವವಿದ್ದರೂ, ಗೇಣಿಯ ಲೆಕ್ಕ, ಕೋರ್ಟಿನ ವ್ಯವಹಾರ, ಭತ್ತದ ಕಣಜದ ಕೀಲಿ ಬಹುತೇಕ ಕಡೆ ಇದ್ದುದು ಸೋದರಮಾವನ ಕೈಯಲ್ಲಿ. ವಂಶ ಅವಳದು, ವ್ಯವಹಾರ ಅವನದು. ಹೆಸರೇ ಬೇರೆ, ಅಧಿಕಾರವೇ ಬೇರೆ ಎಂಬುದನ್ನು ನಮ್ಮ ಅಜ್ಜಿಯಂದಿರು ಅನುಭವಿಸಿ ತಿಳಿದವರು. ಇಂದಿನ ಮೀಸಲಾತಿಯೂ ಅದೇ ದಾರಿ ಹಿಡಿದರೆ ಸೋದರಮಾವನ ಜಾಗಕ್ಕೆ ಪಕ್ಷದ ಮುಖಂಡ ಬಂದನೆಂಬುದನ್ನು ಬಿಟ್ಟರೆ ಬೇರೆ ಬದಲಾವಣೆಯೇನೂ ಆಗಲಿಲ್ಲ.

ಹೆಂಗಸರು ಮೇಲೆ ಬರುವುದು ಹೇಗೆಂದು ಉಪದೇಶಿಸುವ ಪುಸ್ತಕಗಳು ಈಗ ಪೇಟೆಯಲ್ಲಿ ಬಹಳ ಸಿಗುತ್ತವೆ. ಮನಸ್ಸಿನಲ್ಲಿರುವುದನ್ನು ಮುಖದಲ್ಲಿ ತೋರಿಸಬೇಡಿ, ಎದುರಾಳಿಯ ದೌರ್ಬಲ್ಯವನ್ನು ಕಂಡುಹಿಡಿಯಿರಿ, ನಗುನಗುತ್ತಲೇ ಕೆಲಸ ಸಾಧಿಸಿಕೊಳ್ಳಿ ಎಂಬಂತಹ ಬುದ್ಧಿವಾದ ಅವುಗಳಲ್ಲಿದೆ. ಶಕ್ತಿಗಿಂತ ಯುಕ್ತಿ ಮೇಲು ಎಂಬುದು ನಮ್ಮ ಗಾದೆಯೂ ಹೌದು. ಆದರೆ ಯುಕ್ತಿ ಬೇರೆ, ಕುಯುಕ್ತಿ ಬೇರೆ. ಕುಯುಕ್ತಿಯಿಂದ ಒಬ್ಬಳು ಒಂದು ದಿನ ಗೆಲ್ಲಬಹುದು. ಮರುದಿನ ಅವಳ ಮಾತನ್ನು ನಂಬುವವರು ಇರುವುದಿಲ್ಲ. ಹಳ್ಳಿಯ ಹೆಂಗಸಿಗೆ ಬೇಕಾದದ್ದು ಹತ್ತು ಮಂದಿಯನ್ನು ಜೊತೆಗಿಟ್ಟುಕೊಂಡು ಹತ್ತು ವರ್ಷ ನಿಲ್ಲುವ ಯುಕ್ತಿ. ಅದನ್ನು ಕಲಿಯಲು ಪೇಟೆಯ ಪುಸ್ತಕ ಬೇಕಾಗಿಲ್ಲ. ನಮ್ಮ ಜಿಲ್ಲೆಯ ಕತೆಯನ್ನೇ ನೋಡಿದರೆ ಸಾಕು.

ಪ್ಲಾಂಟೇಶನ್ ಕಾರ್ಪೊರೇಶನ್ನಿನ ಗೇರು ತೋಟಗಳ ಮೇಲೆ 1970ರ ದಶಕದ ಕೊನೆಯಿಂದ 2000ದ ವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದದ್ದು ಎಲ್ಲರಿಗೂ ತಿಳಿದ ಸಂಗತಿ. ಎಣ್ಮಕಜೆ, ಕುಂಬ್ಡಾಜೆ, ಬೆಳ್ಳೂರು, ಬದಿಯಡ್ಕ, ಕಾರಡ್ಕ, ಮುಳಿಯಾರು ಇತ್ಯಾದಿ ಪಂಚಾಯತುಗಳ ಮನೆಗಳಲ್ಲಿ ಅದರ ಫಲವನ್ನು ಇಂದಿಗೂ ಕಾಣಬಹುದು. ಪೆರಿಯದ ಸಮೀಪ ಪುಲ್ಲೂರಿನಲ್ಲಿ ವಾಸವಾಗಿದ್ದ ಲೀಲಾಕುಮಾರಿ ಅಮ್ಮ ಕೃಷಿ ಇಲಾಖೆಯ ಒಬ್ಬ ಸಾಮಾನ್ಯ ನೌಕರೆ. ಅವರಿಗೆ ಹಿಂದೆ ಪಕ್ಷವಿರಲಿಲ್ಲ, ಮುಂದೆ ಮೈಕ್ ಇರಲಿಲ್ಲ. ಅಧಿಕಾರಿಗಳಿಗೆ ಅರ್ಜಿ ಬರೆದರು, ಪ್ರಯೋಜನವಾಗಲಿಲ್ಲ. 1998ರಲ್ಲಿ ಹೊಸದುರ್ಗದ ಮುನ್ಸೀಫ್ ಕೋರ್ಟಿಗೆ ಹೋಗಿ ವಿಮಾನ ಸಿಂಪಡಣೆಗೆ ತಡೆಯಾಜ್ಞೆಯನ್ನು ತಂದರು. ಕಾರ್ಪೊರೇಶನ್ ಮೇಲಿನ ಕೋರ್ಟಿಗೆ ಹೋದಾಗಲೂ ಹಿಂಜರಿಯಲಿಲ್ಲ. ದೊಡ್ಡ ದೊಡ್ಡವರು ತಡೆಯಲಾರದ ಹೆಲಿಕಾಪ್ಟರನ್ನು ಒಬ್ಬ ಹೆಂಗಸು ಕಾಗದದಿಂದ ತಡೆದರು. ಈ ವಿಷದ ತಯಾರಿಕೆ ಮತ್ತು ಬಳಕೆಯನ್ನು ಸುಪ್ರೀಂ ಕೋರ್ಟು ದೇಶದಾದ್ಯಂತ ನಿಷೇಧಿಸಿದ್ದು 2011ರ ಮೇ ತಿಂಗಳಲ್ಲಿ. ಹೊಸದುರ್ಗದ ಆ ದಾವೆಗೆ ಆಗ ಹದಿಮೂರು ವರ್ಷ ತುಂಬುತ್ತಿತ್ತು.

ನಿಷೇಧ ಬಂದ ಮೇಲೆ ಪರಿಹಾರದ ಕತೆ ಮೊದಲಾಯಿತು. 2017ರ ಜನವರಿ 10ರಂದು ಸುಪ್ರೀಂ ಕೋರ್ಟು ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿಗಳನ್ನು ಮೂರು ತಿಂಗಳೊಳಗೆ ಕೊಡಬೇಕೆಂದು ಆಜ್ಞೆ ಮಾಡಿತು. ಮೂರು ತಿಂಗಳು ಕಳೆಯಿತು, ವರ್ಷವೂ ಕಳೆಯಿತು. ಪಟ್ಟಿಯಿಂದ ಬಿಟ್ಟುಹೋದ ಮಕ್ಕಳ ಹೆಸರನ್ನು ಸೇರಿಸಬೇಕೆಂದು, ಎತ್ತಿಕೊಳ್ಳಬೇಕಾದ ಮಕ್ಕಳನ್ನು ಎತ್ತಿಕೊಂಡೇ ತಾಯಂದಿರು ತಿರುವನಂತಪುರದ ಸೆಕ್ರೆಟರಿಯೇಟಿನ ಮುಂದೆ 2019ರ ಜನವರಿ ಕೊನೆಯಲ್ಲಿ ಮತ್ತೊಮ್ಮೆ ಹೋಗಿ ಕುಳಿತರು. ಸರಕಾರ ಮಾತುಕತೆಗೆ ಬರಬೇಕಾಯಿತು. ಆದರೂ ಎಲ್ಲವೂ ಮುಗಿಯಲಿಲ್ಲ. 2022ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ವಿಳಂಬಕ್ಕಾಗಿ ಸರಕಾರವನ್ನು ಕಟುವಾಗಿ ಟೀಕಿಸಬೇಕಾಯಿತು. ಈ ತಾಯಂದಿರಲ್ಲಿ ಮಲಯಾಳ, ಕನ್ನಡ, ತುಳು ಆಡುವವರೆಲ್ಲ ಇದ್ದರು. ಸಂಕಟಕ್ಕೆ ಭಾಷೆಯ ಗಡಿ ಇಲ್ಲ, ಸಂಘಟನೆಗೂ ಇರಬೇಕಾಗಿಲ್ಲ.

ಕೇರಳದ ಇನ್ನೊಂದು ತುದಿಯ ಮೂನ್ನಾರಿನಲ್ಲಿ ನಮ್ಮಂತೆಯೇ ಭಾಷಾ ಅಲ್ಪಸಂಖ್ಯಾತರಾದ ತಮಿಳು ಹೆಂಗಸರು ಚಹಾ ತೋಟಗಳಲ್ಲಿ ದುಡಿಯುತ್ತಾರೆ. 2015ರ ಸೆಪ್ಟೆಂಬರಿನಲ್ಲಿ ಬೋನಸ್ಸನ್ನು ನೂರಕ್ಕೆ 20ರಿಂದ 10ಕ್ಕೆ ಇಳಿಸಿದಾಗ ಸಾವಿರಾರು ಮಂದಿ ಮಾರ್ಗದಲ್ಲಿ ಕುಳಿತರು. ಅವರು ಮಾಡಿದ ಮುಖ್ಯ ಕೆಲಸವೆಂದರೆ, ಅದುವರೆಗೆ ತಮ್ಮ ಪರವಾಗಿ ಮಾತಾಡುತ್ತಿದ್ದ ಯೂನಿಯನ್ ಮುಖಂಡರನ್ನು ದೂರ ನಿಲ್ಲಿಸಿ, ತಮ್ಮ ಮಾತನ್ನು ತಾವೇ ಆಡಿದ್ದು. ‘ಪೆಂಬಿಳೈ ಒರುಮೈ’, ಅಂದರೆ ಹೆಂಗಸರ ಒಗ್ಗಟ್ಟು, ಎಂದು ತಮ್ಮ ಕೂಟಕ್ಕೆ ಹೆಸರಿಟ್ಟರು. ಸುಮಾರು ಒಂಬತ್ತು ದಿನಗಳಲ್ಲಿ ನೂರಕ್ಕೆ 20ರಷ್ಟು ಮೊತ್ತವನ್ನು ಪಡೆದೇ ಎದ್ದರು. ಮುಂದೆ ಮುಖಂಡೆಯರಲ್ಲಿ ಒಡಕು ಬಂದು ಆ ಬಲ ಕುಗ್ಗಿತೆಂಬುದನ್ನೂ ಮರೆಮಾಚಬಾರದು. ಗೆಲ್ಲುವುದಕ್ಕೆ ಒಗ್ಗಟ್ಟು ಎಷ್ಟು ಬೇಕೋ ಗೆದ್ದದ್ದನ್ನು ಉಳಿಸಿಕೊಳ್ಳುವುದಕ್ಕೆ ಅದರ ಎರಡರಷ್ಟು ಬೇಕು.

ಈ ಮೂರು ಸಂಗತಿಗಳಿಂದ ಹೊರಡುವ ನೀತಿ ಸರಳವಾಗಿದೆ. ಕಾಗದವನ್ನು ಹಿಡಿಯಬೇಕು, ಕೈಬಿಡದೆ ಹಿಡಿದಿರಬೇಕು, ತಮ್ಮ ಮಾತನ್ನು ತಾವೇ ಆಡಬೇಕು. ಇದನ್ನು ನಮ್ಮ ಹಳ್ಳಿಯ ಅಳತೆಗೆ ಇಳಿಸಿ ನೋಡೋಣ.

ಮೊದಲನೆಯದು, ಓದಿಸಿಕೊಳ್ಳದೆ ಸಹಿ ಹಾಕುವುದಿಲ್ಲ ಎಂಬ ವ್ರತ. “ಮನೆಗೆ ಕೊಂಡುಹೋಗಿ ನೋಡಿ ನಾಳೆ ತರುತ್ತೇನೆ” ಎಂಬ ಮಾತಿನಲ್ಲಿ ಯಾವ ಅವಮರ್ಯಾದೆಯೂ ಇಲ್ಲ. ಗುಂಪಿನ ಸಾಲದಲ್ಲಿ ಒಬ್ಬಳು ಕಟ್ಟದಿದ್ದರೆ ಉಳಿದವರ ಮೇಲೆ ಹೊಣೆ ಬೀಳುತ್ತದೆ. ಆದುದರಿಂದ ಎಷ್ಟು ಸಾಲ, ಎಷ್ಟು ಬಡ್ಡಿ, ಎಷ್ಟು ಕಂತು ಎಂಬ ಮೂರನ್ನು ಸಭೆಯಲ್ಲಿ ಗಟ್ಟಿಯಾಗಿ ಓದಿಸಿ, ಎಲ್ಲರೂ ಕೇಳಿದ ಮೇಲೆಯೇ ಪೆನ್ನು ಎತ್ತಬೇಕು.

ಎರಡನೆಯದು ಮಿನಿಟ್ಸ್ ಪುಸ್ತಕ. ಸಭೆಯಲ್ಲಿ ಯಾರು ಎಷ್ಟು ಗಟ್ಟಿಯಾಗಿ ಮಾತಾಡಿದರೆಂಬುದು ನಾಳೆ ನೆನಪಿನಲ್ಲಿ ಉಳಿಯುವುದಿಲ್ಲ. ಪುಸ್ತಕದಲ್ಲಿ ಬರೆದದ್ದು ಉಳಿಯುತ್ತದೆ. ಆದುದರಿಂದ ಬರೆಯುವವಳೇ ಬಲಶಾಲಿ. ಕೈಬರಹ ಚೆನ್ನಾಗಿದೆ ಎಂಬ ಕಾರಣಕ್ಕೆ ಒಬ್ಬಳಿಗೇ ಅದನ್ನು ಬಿಟ್ಟುಕೊಡದೆ ಸರದಿಯಂತೆ ಎಲ್ಲರೂ ಬರೆಯಲು ಕಲಿಯಬೇಕು. ತನ್ನ ವಿರೋಧವಿದ್ದರೆ ‘ಇಂಥವಳ ವಿರೋಧವಿದೆ’ ಎಂದು ಬರೆಯಿಸಿಯೇ ಏಳಬೇಕು.

ಮೂರನೆಯದು ಗ್ರಾಮಸಭೆ. ಕೇರಳದಲ್ಲಿ ಪ್ರತಿಯೊಂದು ವಾರ್ಡಿನ ಮತದಾರರೂ ಸೇರಿದರೆ ಅದೊಂದು ಗ್ರಾಮಸಭೆ. ಮೂರು ತಿಂಗಳಿಗೊಮ್ಮೆಯಾದರೂ ಅದು ಸೇರಬೇಕು. ನೂರು ಮತದಾರರಿಗೆ ಹತ್ತು ಮಂದಿಯಾದರೂ ಇದ್ದರೆ ಕೋರಂ. ಸವಲತ್ತು ಪಡೆಯುವವರ ಪಟ್ಟಿ ತೀರ್ಮಾನವಾಗುವುದು ಅಲ್ಲಿ. ಅಲ್ಲಿ ತೀರ್ಮಾನವಾದ ಸರದಿಯನ್ನು ಪಂಚಾಯತು ತನ್ನಿಷ್ಟದಂತೆ ಬದಲಾಯಿಸುವಂತಿಲ್ಲ. ಸಾವಿರ ಮತದಾರರಿರುವ ವಾರ್ಡಿನಲ್ಲಿ ನೂರು ಮಂದಿ ಸಾಕೆಂದಾಯಿತು. ನೆರೆಕೂಟಗಳ ಹೆಂಗಸರು ಮನಸ್ಸು ಮಾಡಿದರೆ ಆ ನೂರು ಮಂದಿ ಅವರೇ. ಆದರೆ ಈಗ ಅವರನ್ನು ಕರೆಯುವುದು ಕೋರಂ ತುಂಬಿಸಲಿಕ್ಕೆ. ಸಹಿ ಹಾಕಿ, ಚಹಾ ಕುಡಿದು ಮನೆಗೆ ಬರುವುದು ರೂಢಿಯಾಗಿದೆ. ಗ್ರಾಮಸಭೆಯ ಹಿಂದಿನ ವಾರವೇ ನೆರೆಕೂಟದಲ್ಲಿ ಕುಳಿತು, ಕೇಳಬೇಕಾದ ಒಂದೇ ಒಂದು ವಿಷಯವನ್ನು ಆರಿಸಿಕೊಳ್ಳಲಿ. ಕುಡಿಯುವ ನೀರಾಗಲಿ, ದಾರಿದೀಪವಾಗಲಿ, ಅಂಗನವಾಡಿಯ ಸೋರುವ ಮಾಡಾಗಲಿ, ಒಂದೇ ಇರಲಿ. ಒಬ್ಬಳು ಕೇಳಲಿ, ಎರಡನೆಯವಳು ಅನುಮೋದಿಸಲಿ, ಮೂರನೆಯವಳು ಅದನ್ನು ಪುಸ್ತಕದಲ್ಲಿ ಬರೆದರೋ ಎಂದು ನೋಡಲಿ. ಒಬ್ಬಂಟಿಯಾಗಿ ಎದ್ದವಳನ್ನು ಕುಳ್ಳಿರಿಸುವುದು ಸುಲಭ. ಮೂವರನ್ನು ಕುಳ್ಳಿರಿಸುವುದು ಕಷ್ಟ.

ನಾಲ್ಕನೆಯದು, ಬಾಯಿಮಾತಿನ ಬೇಡಿಕೆಯನ್ನು ಬಿಟ್ಟು ಬರಹದ ಅರ್ಜಿಗೆ ಬರುವುದು. ಅರ್ಜಿಯ ಪ್ರತಿಯಲ್ಲಿ ಕಚೇರಿಯ ಮೊಹರು ಮತ್ತು ತಾರೀಕನ್ನು ಹಾಕಿಸಿ ಇಟ್ಟುಕೊಳ್ಳಬೇಕು. ಉತ್ತರ ಬಾರದಿದ್ದರೆ 2005ರ ಮಾಹಿತಿ ಹಕ್ಕು ಕಾಯಿದೆ ಇದೆ. 10 ರೂಪಾಯಿಯ ಶುಲ್ಕಕ್ಕೆ 30 ದಿನಗಳೊಳಗೆ ಉತ್ತರ ಕೊಡಬೇಕೆಂಬ ನಿಯಮ ಅದರಲ್ಲಿದೆ. ಬಡತನ ರೇಖೆಗಿಂತ ಕೆಳಗಿನವರಿಗೆ ಆ ಶುಲ್ಕವೂ ಇಲ್ಲ. ಗುಮಾಸ್ತರ ಮೇಜಿನ ಮುಂದೆ ಹತ್ತು ಸಲ ನಿಂತು ಬೇಡುವುದಕ್ಕಿಂತ ಈ ಒಂದು ಕಾಗದಕ್ಕೆ ಹೆಚ್ಚು ಬಲವಿದೆ.

ಐದನೆಯದು ಭಾಷೆ, ಇಲ್ಲಿ ಸ್ವಲ್ಪ ಖಾರವಾಗಿ ಹೇಳಬೇಕಾಗಿದೆ. ತನ್ನ ಅಹವಾಲನ್ನು ಒಕ್ಕೂಟದಲ್ಲಿ ಯಾ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಸಲ್ಲಿಸುವ ಹಕ್ಕನ್ನು ಸಂವಿಧಾನದ 350ನೇ ವಿಧಿ ಎಲ್ಲರಿಗೂ ಕೊಟ್ಟಿದೆ. ಕೇರಳದ ಕನ್ನಡ ಮತ್ತು ತಮಿಳು ಅಲ್ಪಸಂಖ್ಯಾತರು ತಮ್ಮ ಭಾಷೆಯಲ್ಲಿಯೇ ಕಚೇರಿಗಳಿಗೆ ಬರೆಯಬಹುದು, ಉತ್ತರವೂ ಅದೇ ಭಾಷೆಯಲ್ಲಿ ಬರಬೇಕು ಎಂದು 1969ರ ಅಧಿಕೃತ ಭಾಷಾ ಕಾಯಿದೆಯಲ್ಲಿಯೇ ಹೇಳಲಾಯಿತು. ಈ ಹಕ್ಕಿಗಾಗಿ ನಮ್ಮ ಹಿರಿಯರು ಎಷ್ಟು ಹೋರಾಡಿದ್ದಾರೆಂಬುದನ್ನು ಈ ಊರಿನ ಓದುಗರಿಗೆ ಹೊಸದಾಗಿ ಹೇಳಬೇಕಾಗಿಲ್ಲ. ಆದರೆ ಆ ಹೋರಾಟದ ವೇದಿಕೆಗಳಲ್ಲಿ ಭಾಷಣ ಮಾಡಿದವರು ಹೆಚ್ಚಾಗಿ ಗಂಡಸರು. ಹಕ್ಕು ದಿನವೂ ಬೇಕಾಗುವುದು ಹೆಂಗಸರಿಗೆ. ರೇಶನ್ ಕಾರ್ಡಿನ ತಿದ್ದುಪಡಿಗೆ, ಪಿಂಚಣಿಯ ಅರ್ಜಿಗೆ, ಮಗುವಿನ ಜನನ ಪತ್ರಕ್ಕೆ ಕಚೇರಿಯ ಮೆಟ್ಟಿಲು ಹತ್ತುವವರು ಅವರು. ಗಂಡಸು ಪೇಟೆಯಲ್ಲಿ, ದುಡಿಮೆಯಲ್ಲಿ, ಗೆಳೆಯರೊಡನೆ ಮಲಯಾಳವನ್ನು ಹೇಗೋ ಕಲಿಯುತ್ತಾನೆ. ಕನ್ನಡ ಶಾಲೆಯಲ್ಲಿ ಓದಿ ಮದುವೆಯಾಗಿ ತೋಟದ ಮನೆಗೆ ಸೇರಿದವಳಿಗೆ, ಗಡಿಯಾಚೆಯ ಪುತ್ತೂರು, ಬಂಟ್ವಾಳದ ಕಡೆಯಿಂದ ಬಂದ ಸೊಸೆಗೆ, ಆ ಅವಕಾಶ ಎಲ್ಲಿದೆ? ಭಾಷೆ ಬಾರದವಳ ಸಹಿಯನ್ನು ಭಾಷೆ ಬಲ್ಲವನು ಆಳುತ್ತಾನೆ. ಕನ್ನಡದ ಪ್ರಶ್ನೆ ಹೆಣ್ಣಿನ ಪ್ರಶ್ನೆಯೂ ಹೌದೆಂದು ನಾವು ಹೇಳುವುದು ಈ ಕಾರಣಕ್ಕೆ.

ಹಾಗೆಂದು ಕನ್ನಡದ ಕಾಗದ ಬರುವ ತನಕ ಕೈಕಟ್ಟಿ ಕುಳಿತರೆ ನಷ್ಟ ನಮಗೇ. ಕನ್ನಡದ ಫಾರಮಿಗಾಗಿ ಒತ್ತಾಯಿಸಬೇಕು, ಅದು ಹಕ್ಕು. ಮಲಯಾಳದ ಅಕ್ಷರವನ್ನೂ ಕಲಿಯಬೇಕು, ಅದು ಆಯುಧ. ಇದರಿಂದ ಕನ್ನಡತನ ಕರಗುತ್ತದೆಂಬ ಭಯ ಬೇಡ. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಪೇಟೆಯಲ್ಲಿ ಮಲಯಾಳ ಎಂದು ಮೂರು ಭಾಷೆಗಳನ್ನು ನಿಭಾಯಿಸುವ ನಮ್ಮವರಿಗೆ ಒಂದು ಲಿಪಿಯನ್ನು ಕಲಿಯುವುದು ಮಳೆಗಾಲದ ಎರಡು ತಿಂಗಳ ಕೆಲಸ.

ಕೊನೆಯದು ಮನೆಯೊಳಗಿನದು. ಪಂಚಾಯತಿನ ಕಡತವನ್ನು ಓದಬಲ್ಲ ಅನೇಕ ಅಕ್ಕಂದಿರಿಗೆ ತಮ್ಮ ಮನೆಯಡಿಯ ದಾಖಲೆ ಯಾರ ಹೆಸರಿನಲ್ಲಿದೆ, ಅದರ ಮೇಲೆ ಎಷ್ಟು ಸಾಲವಿದೆ, ಭೂತೆರಿಗೆಯ ರಶೀದಿ ಎಲ್ಲಿದೆ ಎಂಬುದು ಗೊತ್ತಿರುವುದಿಲ್ಲ. ಗಂಡ ಅಕಾಲದಲ್ಲಿ ತೀರಿಕೊಂಡಾಗಲೋ ಮನೆಯಿಂದ ಹೊರಗೆ ನಿಲ್ಲುವ ದುರ್ದಿನ ಬಂದಾಗಲೋ ಅದು ತಿಳಿಯುತ್ತದೆ. ಆಗ ತಿಳಿದು ಪ್ರಯೋಜನವಿಲ್ಲ. ಅಡಿಕೆ ಮಾರಿದ ದುಡ್ಡಿನ ಲೆಕ್ಕ ಕೇಳುವುದು ಗಂಡನ ಮೇಲಿನ ಅಪನಂಬಿಕೆಯಲ್ಲ; ಸಂಸಾರದ ಭಾರದಲ್ಲಿ ಅರ್ಧವನ್ನು ಹೊರುವವಳ ಸಹಜ ಅಧಿಕಾರ.

ಹೆಂಗಸರಿಗೆ ಇಷ್ಟೆಲ್ಲ ಕಲಿಸಿದರೆ ಸಂಸಾರ ಕೆಟ್ಟೀತು ಎಂದು ಗೊಣಗುವ ಹಿರಿಯರು ಇನ್ನೂ ಇದ್ದಾರೆ. ಲೆಕ್ಕ ತಿಳಿದ ಹೆಂಗಸಿನಿಂದ ಕೆಟ್ಟ ಸಂಸಾರವನ್ನು ನಾವು ಕಂಡಿಲ್ಲ. ಲೆಕ್ಕ ತಿಳಿಯದ ಮನೆಗಳು ಖಾಸಗಿ ಬಡ್ಡಿಯವರ ಬಾಯಿಗೆ ಬಿದ್ದದ್ದನ್ನು ಎಲ್ಲ ಊರಿನವರೂ ಕಂಡಿದ್ದಾರೆ. ಎಲ್ಲ ಹೆಂಗಸರಿಗೂ ಒಂದೇ ಬಗೆಯ ಸ್ವಾತಂತ್ರ್ಯವಿಲ್ಲವೆಂಬುದೂ ನಿಜ. ಬೀಡಿ ಕಟ್ಟುವವಳಿಗೆ ಒಂದು ದಿನದ ಸಭೆಯೆಂದರೆ ಒಂದು ದಿನದ ಕೂಲಿ. ಮನೆಯಲ್ಲಿ ಹೊಡೆತ ತಿನ್ನುವವಳಿಗೆ ಮಿನಿಟ್ಸ್ ಪುಸ್ತಕದ ಉಪದೇಶ ಸಾಲದು. ಅವಳಿಗೆ ಮೊದಲು ಜೊತೆಗೆ ನಿಲ್ಲುವ ನಾಲ್ಕು ಮಂದಿ ಬೇಕು. ಆ ನಾಲ್ಕು ಮಂದಿಯಾಗುವುದೇ ನೆರೆಕೂಟದ ಮೊದಲ ಕೆಲಸ. ಸಾಲ ಹಂಚುವುದು ಅದರ ನಂತರದ್ದು.

ಈ ದಿಶೆಯಲ್ಲಿ ಊರವರ ಕರ್ತವ್ಯವೂ ಇದೆ. ನೆಕ್ರಾಜೆಯ ಸುತ್ತಮುತ್ತಲಿನ ಶಾಲೆ, ವಾಚನಾಲಯ, ಭಜನಾಮಂದಿರ, ಮದ್ರಸಗಳ ಜಗಲಿಗಳಲ್ಲಿ ವಾರಕ್ಕೆ ಎರಡು ಗಂಟೆ ಬಿಡುವು ಮಾಡಿ, ಹೆಂಗಸರಿಗೆ ಕಚೇರಿಯ ಫಾರಮುಗಳನ್ನು ಓದಲು ಕಲಿಸುವುದು ಅಸಾಧ್ಯವೇ? ಎರಡೂ ಲಿಪಿಗಳನ್ನು ಬಲ್ಲ ಕನ್ನಡ ಅಧ್ಯಾಪಕ ಅಧ್ಯಾಪಿಕೆಯರು ಇದಕ್ಕೆ ಮುಂದೆ ಬರಬೇಕು. ಇದು ಸಂಬಳದ ಕೆಲಸವಲ್ಲ, ಋಣದ ಕೆಲಸ. ಪಂಚಾಯತುಗಳು ಗ್ರಾಮಸಭೆಯ ನೋಟೀಸನ್ನೂ ಸವಲತ್ತಿನ ಅರ್ಜಿಗಳನ್ನೂ ಎರಡು ಭಾಷೆಗಳಲ್ಲಿ ಅಚ್ಚು ಹಾಕಿಸಲಿ. ಸಿ.ಡಿ.ಎಸ್. ತನ್ನ ತರಬೇತಿಗಳಲ್ಲಿ ಒಂದನ್ನಾದರೂ ಕನ್ನಡದಲ್ಲಿ ನಡೆಸಲಿ. ಸದಸ್ಯೆಯರ ಗಂಡಂದಿರು ಪಂಚಾಯತಿನ ಬಾಗಿಲ ವರೆಗೆ ಬೈಕಿನಲ್ಲಿ ಬಿಟ್ಟು, ಒಳಗೆ ಹೋಗದೆ ಹಿಂದಿರುಗಲಿ. ಅದೇ ಅವರು ಮಾಡಬಹುದಾದ ದೊಡ್ಡ ಉಪಕಾರ.

ಕಾನೂನು ಕುರ್ಚಿಯನ್ನು ಕೊಡಬಲ್ಲುದು. ಕೀಲಿಕೈಯನ್ನು ಯಾರೂ ತಂದು ಕೊಡುವುದಿಲ್ಲ, ಕೇಳಿ ಪಡೆಯಬೇಕು. ಅದಕ್ಕೆ ಮೊದಲ ಹೆಜ್ಜೆ ದೊಡ್ಡದೇನಲ್ಲ. ಮುಂದಿನ ಸಲ “ಚೇಚೀ, ಇವಿಡೆ ಒರು ಒಪ್ಪ್” ಎಂದು ಯಾರಾದರೂ ಪೆನ್ನು ಚಾಚಿದಾಗ ನಮ್ಮ ಅಕ್ಕತಂಗಿಯರು ಒಂದು ಕ್ಷಣ ತಡೆದು, “ಇದರಲ್ಲಿ ಏನು ಬರೆದಿದೆ, ಓದಿ ಹೇಳಿ” ಎಂದು ಕೇಳಲಿ. ಯಾವ ಭಾಷೆಯಲ್ಲಿ ಕೇಳಿದರೂ ಸರಿ.